ನಡುವಿನಿಂದ ಮೂರು ಮೀಟರ್

ಫೋನ್ ಚಾರ್ಜರಿನಿಂದ ಹಿಡಿದು ಒಂಟೆ ಓಟದ ರೋಬೋಟ್ ಸವಾರನವರೆಗೆ, ಜೋಸ್ಫಿನ್ ಕಸ್ತೆಲಿನೊ ಮೂರು ಮೀಟರ್ ದೂರದಿಂದ ಪರೀಕ್ಷಿಸದ ಸಾಮಾನು ದುಬೈಯಲ್ಲಿ ಕಡಿಮೆಯೇ ಇರಬೇಕು. ಅಲ್ ಕೂಸ್‌ನ ಗೋದಾಮುಗಳ ನಡುವೆ ಸಿಕ್ಕಿಕೊಂಡಿರುವ ಒಂದು ಪರೀಕ್ಷಾಲಯದಲ್ಲಿ ಅವರದು ಇಪ್ಪತ್ತೇಳು ವರ್ಷದ ಸರ್ವಿಸು. ಅಲ್ಲಿರುವ ಊರ ಕಡೆಯವರು ಎದುರಿಗೆ ‘ಆಂಟಿ’ ಎನ್ನುತ್ತಾರೆ, ಬೆನ್ನ ಹಿಂದೆ ‘ಮೂರು ಮೀಟರ್ ಬಾಯಿ’ ಎನ್ನುತ್ತಾರೆ. ಕರಾವಳಿಯಲ್ಲಿ ಕ್ರೈಸ್ತ ಹೆಂಗಸರನ್ನು ಬಾಯಿ ಎಂದು ಕರೆಯುವುದು ಮರ್ಯಾದೆಗೆ. ತನ್ನ ಹೆಂಡತಿಯ ವಿಷಯದಲ್ಲಿ ಆ ಪದದ ಇನ್ನೊಂದು ಅರ್ಥವೂ ಸಲ್ಲುತ್ತದೆ ಎಂದು ಲಿಯೋ ಹೇಳುವುದುಂಟು, ಅದೂ ಸ್ವಲ್ಪ ದೂರ ನಿಂತು.

ಕೆಲಸ ಏನೆಂದರೆ ಇಷ್ಟೇ. ಕರೆಂಟಿನಲ್ಲಿ ಓಡುವ ಯಾವ ಸಾಮಾನೂ ತೆಪ್ಪಗಿರುವುದಿಲ್ಲ, ಕಣ್ಣಿಗೆ ಕಾಣದ ರೇಡಿಯೋ ಅಲೆಗಳನ್ನು ಸೋರಿಸುತ್ತಲೇ ಇರುತ್ತದೆ. ಸೋರಿಕೆ ಮಿತಿ ಮೀರಿದರೆ ಪಕ್ಕದ ಮನೆಯ ರೇಡಿಯೋ ಕರಕರ ಎನ್ನುತ್ತದೆ, ಇನ್ನಾರದೋ ವೈರ್‌ಲೆಸ್ ಮಾತು ಕೆಡುತ್ತದೆ. ಆದ್ದರಿಂದ ಅಂಗಡಿಗೆ ಬಿಡುವ ಮೊದಲು ಪ್ರತಿ ಸಾಮಾನನ್ನೂ ಚೇಂಬರಿನೊಳಗೆ ಕೂರಿಸಿ ಅಳೆಯಬೇಕು. ಚೇಂಬರ್ ಅಂದರೆ ಕಿಟಕಿಯಿಲ್ಲದ ಉಕ್ಕಿನ ಕೋಣೆ, ಹೊರಗಿನ ಅಲೆ ಒಳಗೆ ಬರುವಂತಿಲ್ಲ. ಗೋಡೆ ತುಂಬ ನೀಲಿ ಸ್ಪಂಜಿನ ಮೊನೆಗಳು, ಒಳಗಿನ ಅಲೆ ಗೋಡೆಗೆ ಬಡಿದು ವಾಪಸು ಬರುವಂತಿಲ್ಲ. ಒಂದು ಕಡೆ ಗಿರ್ರನೆ ತಿರುಗುವ ಮೇಜು, ಅದರ ಮೇಲೆ ಸಾಮಾನು. ಎದುರಿಗೆ ಕಂಬದ ಮೇಲೆ ಆಂಟೆನಾ. ಎರಡರ ನಡುವೆ ಇಂತಿಷ್ಟೇ ದೂರ ಇರಬೇಕು. ಆ ದೂರ ತಪ್ಪಿದರೆ ಮಿಕ್ಕ ಯಂತ್ರಗಳೆಲ್ಲ ಎಷ್ಟು ದುಬಾರಿಯಾಗಿದ್ದರೂ ದಂಡ.

ಗಿರಾಕಿಗಳಿಗೆ ಮಾತ್ರ ಈ ದೂರ ಚೌಕಾಸಿಯ ವಿಷಯ. ಮೂರು ಮೀಟರಿನಲ್ಲಿ ಫೇಲಾಯಿತೆಂದರೆ ಅವರಿಗೆ ಕೂಡಲೇ ಒಂದು ಉಪಾಯ ಹೊಳೆಯುತ್ತದೆ. ಹತ್ತು ಮೀಟರ್ ದೂರದಿಂದ ಅಳೆದುಬಿಡಿ, ದೂರ ಹೋದರೆ ಅಲೆ ಕಡಿಮೆಯಾಗುತ್ತದಲ್ಲ? ಈ ಮಾತನ್ನು ಮೊದಲು ಕಂಡುಹಿಡಿದವರು ತಾವೇ ಎಂಬ ಹೆಮ್ಮೆ ಬೇರೆ. ಜೋಸ್ಫಿನ್ ಬಾಯಿ ಕನ್ನಡಕದ ಮೇಲಿನಿಂದ ನೋಡಿ ಹೇಳುತ್ತಾರೆ:

“ಅಲೆ ಕಡಿಮೆ ಆಗ್ತದೆ, ಮಿತಿಯೂ ಇಳೀತದೆ. ಮನೆ ಸಾಮಾನಿಗೆ ಮೂರು ಮೀಟರಿನಲ್ಲಿ ನಲವತ್ತು ಅಂಕ ಸೋರಲಿಕ್ಕೆ ಬಿಟ್ಟವರು ಹತ್ತು ಮೀಟರಿಗೆ ಮೂವತ್ತೇ ಬಿಡೋದು. ನೀವು ಶಾರ್ಜಾದಲ್ಲಿ ಹೋಗಿ ನಿಂತ್ರೂ ಅದೇ ಕತೆ.”

ಹಾಗಾದರೆ ಯಾವ ದೂರ ಯಾವುದಕ್ಕೆ? ಅದಕ್ಕೂ ಅವರ ಬಳಿ ಸರಳ ಲೆಕ್ಕವಿದೆ. ಸಾಮಾನು ಸಣ್ಣದಾದರೆ ಮೂರು ಮೀಟರ್ ಸಾಕು. ದೊಡ್ಡದಾದರೆ ಅಷ್ಟು ಹತ್ತಿರದಿಂದ ಇಡಿಯಾಗಿ ಕಾಣುವುದಿಲ್ಲ, ಒಂದು ತುದಿ ಹತ್ತಿರ, ಇನ್ನೊಂದು ತುದಿ ದೂರ ಆಗುತ್ತದೆ. ಮದುವೆ ಫೋಟೋಕ್ಕೆ ಎರಡೂ ಮನೆಯವರು ನಿಂತಾಗ ಫೋಟೋಗ್ರಾಫರ್ ಹಿಂದೆ ಹಿಂದೆ ಹೋಗುವುದಿಲ್ಲವೇ, ಹಾಗೆ. ಅಲ್ ಕೂಸ್‌ನ ಚೇಂಬರ್ ಮೂರು ಮೀಟರಿನದು. ಹತ್ತು ಮೀಟರ್ ಬೇಕಾದರೆ ಅಬುಧಾಬಿಯ ಇನ್ನೊಂದು ಪರೀಕ್ಷಾಲಯಕ್ಕೆ ಸಾಮಾನು ಹೊತ್ತುಕೊಂಡು ಹೋಗಬೇಕು.

ಇಷ್ಟೆಲ್ಲ ಗೊತ್ತಿದ್ದೂ ಜೋಸ್ಫಿನ್ ಬಾಯಿ ಇಂಜಿನಿಯರ್ ಅಲ್ಲ. ಶಿರ್ವದ ಇಗರ್ಜಿಯ ಎದುರು ಅಂಗಡಿ ಇಟ್ಟಿದ್ದ ಜೋಕಿಂ ಟೈಲರರ ಮಗಳು. ಪಾದ್ರಿಗಳ ನಿಲುವಂಗಿಯಿಂದ ಮದುಮಗಳ ರವಿಕೆಯವರೆಗೆ ಅಪ್ಪ ಅಳತೆ ತೆಗೆಯುವುದು, ಮಗಳು ಉದ್ದನೆಯ ಪುಸ್ತಕದಲ್ಲಿ ಬರೆದುಕೊಳ್ಳುವುದು. ಉದ್ದ, ತೋಳು, ಎದೆ, ನಡು. ಅಂಕಿ ಹೇಳುವಾಗ ಅಪ್ಪನ ಬಾಯಲ್ಲಿ ಗುಂಡುಸೂಜಿ ಇರುತ್ತಿದ್ದುದರಿಂದ ಮೂವತ್ತೆರಡೋ ಮೂವತ್ತಾರೋ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಬೇಕಿತ್ತು. “ಟೇಪ್ ಎಳೀಲಿಕ್ಕೆ ಎಲ್ಲರಿಗೂ ಬರ್ತದೆ ಮಗಾ, ಎಲ್ಲಿಂದ ಹಿಡೀಬೇಕು ಅಂತ ಗೊತ್ತಿರಬೇಕು” ಎಂದು ಅಪ್ಪ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಅದನ್ನೇ ಈಗ ಮಗಳು ದಿನಕ್ಕೆ ಎಂಟು ಸಲ ಹೇಳುತ್ತಾರೆ.

ಬಿ.ಕಾಂ. ಮುಗಿಸಿ, ಟೈಪಿಂಗ್ ಕಲಿತು, ಮದುವೆಯಾಗಿ ದುಬೈಗೆ ಬಂದಾಗ ಲಿಯೋ ಒಂದು ಆಸ್ಪತ್ರೆಯ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಜೋಸ್ಫಿನ್‌ಗೆ ಈ ಪರೀಕ್ಷಾಲಯದಲ್ಲಿ ಫೋನ್ ಎತ್ತುವ, ವರದಿ ಟೈಪ್ ಮಾಡುವ ಕೆಲಸ ಸಿಕ್ಕಿತು. ಐದು ವರ್ಷ ವರದಿಗಳನ್ನು ಕುಟ್ಟಿ ಕುಟ್ಟಿ ಅಂಕಿಗಳು ಬಾಯಿಪಾಠವಾದವು. ಒಂದು ದಿನ ಆಗಿನ ಇಂಜಿನಿಯರ್ ಕೊಟ್ಟ ಕಾಗದ ಹಿಡಿದುಕೊಂಡು ಹೋಗಿ, “ಸರ್, ದೂರ ಮೂರು ಮೀಟರ್ ಅಂತ ಉಂಟು, ಮಿತಿ ಮಾತ್ರ ಹತ್ತು ಮೀಟರಿನದ್ದು ಹಾಕಿದ್ದೀರಲ್ಲ?” ಎಂದು ಕೇಳಿದರು. ಆತ ಮೊದಲು ನಕ್ಕ. ಆಮೇಲೆ ಕಾಗದ ನೋಡಿದ. ಆಮೇಲೆ ನಗಲಿಲ್ಲ. ಮರುವಾರವೇ ಜೋಸ್ಫಿನ್ ಟೈಪ್ ಮೇಜಿನಿಂದ ಎದ್ದು ಚೇಂಬರಿನೊಳಗೆ ಹೋದರು. ಆ ಮಾತಿಗೂ ಈಗ ಇಪ್ಪತ್ತೆರಡು ವರ್ಷ.

ಆದರೆ ಒಂದು ಕೊರತೆ ಹಾಗೆಯೇ ಉಳಿಯಿತು. ವರದಿಯ ಕೊನೆಗೆ ಸಹಿ ಹಾಕಲು ಇಂಜಿನಿಯರಿಂಗ್ ಪದವಿ ಬೇಕು ಎಂದು ಯಾರೋ ಯಾವತ್ತೋ ಬರೆದಿಟ್ಟಿದ್ದರು. ಅಳೆಯುವವರು ಜೋಸ್ಫಿನ್, ಸಹಿ ಬೇರೆಯವರದು. ಅವರೇ ಕೆಲಸ ಕಲಿಸಿದವರೆಲ್ಲ ಆರು ತಿಂಗಳಲ್ಲಿ ಸಹಿ ಹಾಕತೊಡಗುತ್ತಿದ್ದರು. ಸದ್ಯಕ್ಕೆ ಸಹಿ ಸಫ್ವಾನನದು, ಭಟ್ಕಳದ ನವಾಯತ ಹುಡುಗ, ಇಪ್ಪತ್ತೇಳರ ಇಂಜಿನಿಯರ್. ಅವರು ಕೆಲಸಕ್ಕೆ ಸೇರಿದ ವರ್ಷ ಹುಟ್ಟಿದವನು! ಅವನ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಸಹಿಯ ಮೇಲೆ ಆಸೆಯಿತ್ತು, ಅಷ್ಟೆ. ಪ್ರತಿ ವರ್ಷದ ಡೈರಿಯ ಕೊನೇ ಪುಟದಲ್ಲಿ ‘ಜೆ. ಕಸ್ತೆಲಿನೊ’ ಎಂದು ಇಂಗ್ಲಿಷಿನಲ್ಲಿ ಬರೆದು, ಕೊನೆಯ ಅಕ್ಷರಕ್ಕೆ ಒಂದು ಸುತ್ತು ಹಾಕಿ ಅಭ್ಯಾಸ ಮಾಡುತ್ತಿದ್ದರು. ಮಗಳು ಕ್ಯಾರಲ್ ಒಮ್ಮೆ ಅದನ್ನು ನೋಡಿ, “ಮಮ್ಮಿ, ಆರ್ ಯು ಪ್ಲಾನಿಂಗ್ ಟು ಬಿಕಮ್ ಫೇಮಸ್?” ಎಂದು ಕೇಳಿದ್ದಳು.

ಈ ಜನವರಿಯಲ್ಲಿ ಆ ಸಹಿ ಕೈಗೆಟುಕುವಷ್ಟು ಹತ್ತಿರ ಬಂತು. ಪದವಿ ಮುಖ್ಯವಲ್ಲ, ಕೆಲಸ ಬರುತ್ತದೋ ಇಲ್ಲವೋ ನೋಡಿ ಒಪ್ಪಿಗೆ ಕೊಡುತ್ತೇವೆ ಎಂದು ಪರೀಕ್ಷಾಲಯಕ್ಕೆ ಮಾನ್ಯತೆ ಕೊಡುವವರು ತಿಳಿಸಿದರು. ಮ್ಯಾನೇಜರ್ ಜೋಸ್ಫಿನ್ ಹೆಸರು ಕಳಿಸಿದರು. ತಿಂಗಳ ಕೊನೆಯ ಮಂಗಳವಾರ ಆಡಿಟರ್ ಬಂದು, ಒಂದು ಪರೀಕ್ಷೆಯನ್ನು ಮೊದಲಿಂದ ಕೊನೆಯವರೆಗೆ ಕಣ್ಣಾರೆ ನೋಡುವುದು ಎಂದಾಯಿತು. ಊದ್ ಮೇಥಾದ ಇಗರ್ಜಿಯಲ್ಲಿ ಜೋಸ್ಫಿನ್ ಎರಡು ಮೇಣದಬತ್ತಿ ಹಚ್ಚಿದರು. ಒಂದು ಸಾಕಾಗಲಿಕ್ಕಿಲ್ಲ ಅನ್ನಿಸಿತು.

ಆಡಿಟ್‌ನ ಹಿಂದಿನ ದಿನ ಮೊಯಿನುದ್ದೀನ್ ಸಾಹೇಬರು ಪರೀಕ್ಷಾಲಯಕ್ಕೆ ಬಂದರು. ಭಟ್ಕಳದ ವ್ಯಾಪಾರಿ ಮನೆತನದವರು, ಜುಮೇರಾ ಲೇಕ್ ಟವರ್ಸ್‌ನಲ್ಲಿ ಅವರ ಆಫೀಸು. ನಲವತ್ತು ವರ್ಷ ಬಟ್ಟೆ, ಅತ್ತರು, ಗಡಿಯಾರ ಮಾರಿದ ಮೇಲೆ ಮಗ ಉಬೈದನ ಮಾತು ಕೇಳಿ ಸ್ವಂತ ಸಾಮಾನು ಮಾಡಲು ಹೊರಟಿದ್ದರು. ಮಸೀದಿಯ ಗೋಡೆಗೆ ಹಾಕುವ ಉದ್ದನೆಯ ದೀಪದ ಫಲಕ. ಐದು ಹೊತ್ತಿನ ನಮಾಜಿನ ಸಮಯವನ್ನು ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ, ಕೊನೇ ಸಾಲಿನಲ್ಲಿ ಕೂತ ಮುದುಕರಿಗೂ ಕಾಣುವಂತೆ. ವಿನ್ಯಾಸ ಪೂರ್ತಿ ಉಬೈದನದು. ರಮ್ಜಾನ್ ತಿಂಗಳಿಗೆ ಹನ್ನೊಂದು ಮಸೀದಿಗಳು ಬೇಕೆಂದಿದ್ದವು.

“ಬಾಯೀ, ನಮ್ಮ ಬೋರ್ಡು ಫೇಲಾಯ್ತು ಬಾಯೀ” ಎಂದರು ಸಾಹೇಬರು, ಹತ್ತಿರದ ನೆಂಟರಿಗೆ ಕಾಯಿಲೆ ಎಂಬ ಧಾಟಿಯಲ್ಲಿ. “ಎರಡು ಸಲ. ಮೂರು ಅಂಕ ಜಾಸ್ತಿ ಅಂತಾರೆ. ನಮ್ಮ ಉಬೈದ್ ಅದಕ್ಕೆ ತಗಡು ಸುತ್ತಿದ, ವೈರಿಗೆ ಕಾಂತದ ಬಳೆ ಹಾಕಿದ, ಎಂತೆಂತದೋ ಮಾಡಿದ. ಕೂದಲಷ್ಟೂ ಇಳೀಲಿಲ್ಲ. ಈಗ ಊಟ ಸರಿ ಮಾಡೋದಿಲ್ಲ, ನಾನು ಇಂಜಿನಿಯರೇ ಅಲ್ಲ ಅಬ್ಬಾ, ಅಂಗಡಿಯಲ್ಲೇ ಕೂತ್ಕೊಳ್ತೇನೆ ಅಂತಾನೆ. ಇದೊಂದು ಸಲ ನೋಡಿ. ಇದೂ ಆಗದಿದ್ರೆ ಖಲಾಸ್.”

“ಯಾವಾಗ ಮಾಡಿಸಿದ್ದು ಸಾಹೇಬ್ರೇ?”

“ನೀವು ಊರಿಗೆ ಹೋಗಿದ್ದಿರಲ್ಲ, ಆವಾಗ.”

ಜನವರಿಯ ಮೊದಲ ಎರಡು ವಾರ ಜೋಸ್ಫಿನ್ ತಮ್ಮನ ಮಗಳ ಮದುವೆಗೆ, ಅದರ ಹಿಂದಿನ ದಿನ ತೆಂಗಿನಹಾಲು ಹೊಯ್ಯುವ ರೋಸ್ ಶಾಸ್ತ್ರಕ್ಕೆ ಎಂದು ಶಿರ್ವಕ್ಕೆ ಹೋಗಿದ್ದರು. ಆ ಹೊತ್ತಿನ ಪರೀಕ್ಷೆಗಳೆಲ್ಲ ಸಫ್ವಾನನವು. ಹುಡುಗ ಚುರುಕು, ತಪ್ಪು ಮಾಡುವವನಲ್ಲ. ಬೋರ್ಡಿನಲ್ಲೇ ಏನೋ ಐಬಿರಬೇಕು ಎಂದುಕೊಂಡರು ಜೋಸ್ಫಿನ್. ನಾಳೆ ಆಡಿಟರ್ ಎದುರಿಗೆ ಇದನ್ನೇ ಅಳೆಯುತ್ತೇನೆ, ಬೆಳಿಗ್ಗೆ ತರಿಸಿ, ನೀವೂ ಬನ್ನಿ ಎಂದರು.

ಮಂಗಳವಾರ ಬೆಳಿಗ್ಗೆ ಆಡಿಟರ್ ಬಂದರು. ಈಜಿಪ್ಟಿನವರು, ಅರವತ್ತರ ಆಸುಪಾಸು, ಎತ್ತರಕ್ಕಿಂತ ಸುತ್ತಳತೆಯೇ ಹೆಚ್ಚು ಎನ್ನುವಂಥ ಆಳು. ಚೇಂಬರಿನ ಬಾಗಿಲಲ್ಲಿ ಸ್ವಲ್ಪ ಓರೆಯಾಗಿ ಒಳಬಂದು, ಕೊಟ್ಟ ಕುರ್ಚಿಯಲ್ಲಿ ಕೂತು ನೋಟ್ ಪುಸ್ತಕ ಬಿಚ್ಚಿದರು. ಸಾಹೇಬರು ಹೊರಗೆ ರಿಸೆಪ್ಶನ್ನಿನಲ್ಲಿ ಜಪಮಾಲೆ ಎಣಿಸುತ್ತ ಕೂತರು. ಇಬ್ಬರು ಕೆಲಸದವರು ಫಲಕವನ್ನು ಹೊತ್ತು ತಂದು ತಿರುಗುವ ಮೇಜಿನ ಮೇಲೆ ಅಡ್ಡಲಾಗಿ ನಿಲ್ಲಿಸಿದರು.

ಜೋಸ್ಫಿನ್ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು. ಬೋರ್ಡು ಎಂದಾಗ ಅವರು ಊಹಿಸಿದ್ದು ಅಡುಗೆಮನೆಯ ಕಪಾಟಿನ ಬಾಗಿಲಿನಷ್ಟು. ಇದು ಎರಡೂಕಾಲು ಮೀಟರಿಗೂ ಉದ್ದ. ಮೇಜು ತಿರುಗಿದಾಗ ಅದರ ತುದಿ ಆಂಟೆನಾದ ಕಡೆ ಈಟಿಯಂತೆ ಚಾಚಿಕೊಂಡು ಬಂತು. ಅವರು ಟೇಪ್ ತೆಗೆದು ಆ ತುದಿಗೆ ಹಿಡಿದು, ಹಿಂದಿನ ಎರಡು ಸಲದಂತೆಯೇ ಸಫ್ವಾನ್ ನಿಲ್ಲಿಸಿಟ್ಟಿದ್ದ ಆಂಟೆನಾದವರೆಗೆ ಎಳೆದರು. ಒಂದು ಮೀಟರ್ ಎಂಬತ್ತು.

ಇನ್ನೊಮ್ಮೆ ಎಳೆದರು. ಅಷ್ಟೇ.

ಮೂರು ಮೀಟರ್ ಇರಬೇಕಾದ ಕಡೆ ಎರಡೂ ಇಲ್ಲ! ಹತ್ತಿರ ನಿಂತು ಕೇಳಿದರೆ ಯಾರ ದನಿಯೂ ಜೋರೇ. ಫೇಲಾಗದೆ ಇನ್ನೇನಾದೀತು? ಉಬೈದನ ತಗಡೂ ಬಳೆಯೂ ಏನು ಮಾಡಿಯಾವು? ಜೋಸ್ಫಿನ್ ಮೈ ಬಿಸಿಯಾಯಿತು. ಸಫ್ವಾನನ ಕಡೆ ನೋಡಿದ ನೋಟ ಆಡಿಟರ್ ಕಣ್ಣಿಗೂ ಬಿತ್ತು.

“ಏನಾಯಿತು?” ಎಂದು ಆಡಿಟರ್ ಇಂಗ್ಲಿಷಿನಲ್ಲಿ ಕೇಳಿದರು.

“ಈ ಸಾಮಾನು ಈ ಕೋಣೆಗೆ ದೊಡ್ಡದಾಯಿತು ಸರ್. ಇದಕ್ಕೆ ಹತ್ತು ಮೀಟರಿನ ಜಾಗವೇ ಬೇಕು.”

“ಆದರೆ ಇಲ್ಲಿ ಎರಡು ಸಲ ಅಳೆದು ವರದಿ ಕೊಟ್ಟಿದ್ದೀರಿ.” ಆಡಿಟರ್ ಕಡತ ತಿರುವಿ ಸಫ್ವಾನನತ್ತ ತಿರುಗಿದರು. “ಸಹಿ ನಿಮ್ಮದು. ದೂರವನ್ನು ಎಲ್ಲಿಂದ ಹಿಡಿದಿರಿ?”

ಸಫ್ವಾನ್ ಒಂಚೂರೂ ತಡವರಿಸಲಿಲ್ಲ. ಪಾಪ, ಅವನಿಗೆ ತಡವರಿಸಲು ಕಾರಣವೇ ಗೊತ್ತಿರಲಿಲ್ಲ. “ಮೇಡಂ ಬರೆದಿಟ್ಟ ಚೀಟಿಯಲ್ಲಿ ಇರುವ ಹಾಗೆ ಸರ್” ಎಂದು ಕೇಬಲ್ ಇಡುವ ಕಪಾಟಿನ ಬಾಗಿಲು ತೆರೆದು ತೋರಿಸಿದ.

ಬಾಗಿಲಿನ ಒಳಬದಿಗೆ ಅಂಟಿಸಿದ, ಪ್ಲಾಸ್ಟಿಕ್ ಹಚ್ಚಿದ ಹಳೆಯ ಹಾಳೆ. ಜೋಸ್ಫಿನ್ ಕೈಬರಹ. ಹತ್ತು ವರ್ಷದ ಹಿಂದೆ ಚೇಂಬರಿನಲ್ಲಿ ನಾಲ್ಕು ಮಂದಿ ಕೆಲಸ ಮಾಡುತ್ತಿದ್ದಾಗ ಎಲ್ಲರೂ ಕರಾವಳಿಯವರೇ. ಒಬ್ಬನ ಮನೆಮಾತು ತುಳು, ಇನ್ನೊಬ್ಬಳದು ಬ್ಯಾರಿ, ಇವರದು ಕೊಂಕಣಿ. ಎಲ್ಲರಿಗೂ ಓದಲು ಬರುತ್ತಿದ್ದದ್ದು ಶಾಲೆಯಲ್ಲಿ ಕಲಿತ ಕನ್ನಡ. ಇಂಗ್ಲಿಷಿನ ನಿಯಮ ಪುಸ್ತಕ ಇನ್ನೂರು ಪುಟ, ಇವರ ಹಾಳೆ ಆರು ಸಾಲು. ಯಾರು ಯಾವುದನ್ನು ಓದುತ್ತಾರೆ ಎಂದು ಬೇರೆ ಹೇಳಬೇಕಾಗಿಲ್ಲ. ಮೂರನೇ ಸಾಲು ಹೀಗಿತ್ತು: ‘ಸಾಮಾನಿನ ನಡುವಿನಿಂದ ಆಂಟೆನಾದ ಹೊಕ್ಕುಳಿಗೆ ಮೂರು ಮೀಟರ್.’

ಹೊಕ್ಕುಳು ಅಂದರೆ ಆಂಟೆನಾದ ಮೇಲೆ ತಯಾರಕರೇ ಹಾಕಿ ಕೊಟ್ಟ ಗುರುತು. ಅದನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು, ಅದರಲ್ಲಿ ಗೊಂದಲವಿರಲಿಲ್ಲ.

“ಇದೇನು ಭಾಷೆ? ಏನು ಹೇಳುತ್ತದೆ?” ಎಂದರು ಆಡಿಟರ್.

ಸಫ್ವಾನ್ ಅನುವಾದ ಮಾಡಿದ. “ಕನ್ನಡ ಸರ್. ವಸ್ತುವಿನ ಮಧ್ಯದಿಂದ ಆಂಟೆನಾದ ಗುರುತಿಗೆ ಮೂರು ಮೀಟರ್ ಅಂತ.”

“ಎಂತ ಮಧ್ಯ?” ಎಂದು ಜೋಸ್ಫಿನ್ ಬಾಯಿಂದ ಕನ್ನಡವೇ ಬಂತು. “ಯಾರು ಮಧ್ಯ ಅಂತ ಬರೆದದ್ದು ಮಾರಾಯ? ನಡು ಅಂತ ಬರೆದದ್ದು!”

“ನಡು ಅಂದ್ರೆ ಮಧ್ಯ ಅಲ್ವಾ ಆಂಟಿ?”

“ನಡು ಅಂದ್ರೆ ಸೊಂಟ! ಸೊಂಟದ ಅಳತೆ ಹ್ಯಾಗೆ ತೆಗೀತಾರೆ? ಹೊಟ್ಟೆಯೊಳಗೆ ಟೇಪ್ ಹಾಕಿಯಾ? ಹೊರಗಿಂದ ಸುತ್ತ ಹಿಡೀತಾರೆ. ಸಾಮಾನು ತಿರುಗುವಾಗ ಅದರ ತುದಿ ಒಂದು ಸುತ್ತು ಹಾಕ್ತದಲ್ಲ, ಆ ಸುತ್ತೇ ಅದರ ನಡು. ಅಲ್ಲಿಂದ ಮೂರು ಮೀಟರ್!”

ಹೇಳಿ ಮುಗಿಸುವಷ್ಟರಲ್ಲಿ ಅವರ ದನಿಯೇ ಇಳಿಯಿತು. ಉದ್ದ, ತೋಳು, ಎದೆ, ನಡು. ಅದು ಜೋಕಿಂ ಟೈಲರರ ಅಳತೆ ಪುಸ್ತಕದ ನಡು. ಟೈಲರ್ ಅಂಗಡಿಯಲ್ಲಿ ಬೆಳೆಯದ ಭಟ್ಕಳದ ಹುಡುಗ ಅದನ್ನು ಹಾಗೆ ಏಕೆ ಓದಬೇಕು? ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ, ಏಕೆಂದರೆ ಬರುತ್ತಿದ್ದದ್ದು ಚಾರ್ಜರು, ಕೆಟಲ್ಲು, ರೂಟರು. ಅಂಗೈಯಷ್ಟರ ಸಾಮಾನಿಗೆ ಮಧ್ಯಕ್ಕೂ ಅಂಚಿಗೂ ನಾಲ್ಕು ಬೆರಳಿನ ವ್ಯತ್ಯಾಸ. ದೊಡ್ಡದು ಬಂದಾಗಲೆಲ್ಲ ಜೋಸ್ಫಿನ್ ಅಲ್ಲೇ ಇರುತ್ತಿದ್ದರು. ಈ ಸಲ ಅವರು ಶಿರ್ವದಲ್ಲಿ ಮದುಮಗಳ ತಲೆಗೆ ತೆಂಗಿನಹಾಲು ಹೊಯ್ಯುತ್ತಿದ್ದರು.

ಆಡಿಟರಿಗೆ ಕನ್ನಡ ಬಾರದು. ಇಬ್ಬರ ಮುಖವನ್ನೂ ನೋಡಿ ಅವರು ಜೋಸ್ಫಿನ್ ಕಡೆ ಪೆನ್ನು ತೋರಿಸಿದರು. “ಅವರು ಮಾಡಿದ ಅನುವಾದ ಸರಿಯಿಲ್ಲವೇ?”

ಇಲ್ಲ ಸರ್, ತಪ್ಪು ಅನುವಾದ, ನಾನು ಬರೆದದ್ದು ಅಂಚಿನಿಂದ ಎಂದು. ಇಷ್ಟು ಹೇಳಿದ್ದರೆ ಸುಳ್ಳೇನೂ ಆಗುತ್ತಿರಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ಅಂಚೇ. ತಪ್ಪು ಸಫ್ವಾನನ ತಲೆಗೆ ಹೋಗುತ್ತಿತ್ತು, ಸಹಿ ಇವರ ಕೈಗೆ ಬರುತ್ತಿತ್ತು. ಇಪ್ಪತ್ತೆರಡು ಡೈರಿಗಳ ಕೊನೇ ಪುಟಗಳು ಜೋಸ್ಫಿನ್ ಕಣ್ಣ ಮುಂದೆ ಬಂದವು. ಸಫ್ವಾನ್ ಆಗಲೇ ಬೆವರತೊಡಗಿದ್ದ. ಅವನಿಗೆ ಕಳೆದ ತಿಂಗಳಷ್ಟೇ ನಿಶ್ಚಿತಾರ್ಥವಾಗಿತ್ತು, ಭಟ್ಕಳದಿಂದ ತಂದ ಹಲ್ವದ ಮೊದಲ ಡಬ್ಬಿ ಕೊಟ್ಟದ್ದು ಇವರಿಗೇ.

“ಅನುವಾದ ಸರಿಯಿದೆ ಸರ್” ಎಂದರು ಜೋಸ್ಫಿನ್. “ಹತ್ತು ಜನ ಕನ್ನಡದವರನ್ನು ಕೇಳಿದರೆ ಒಂಬತ್ತು ಜನ ಹಾಗೇ ಹೇಳುತ್ತಾರೆ. ಹತ್ತನೆಯವಳು ನಾನು. ಈ ಪದಕ್ಕೆ ಸೊಂಟ ಅಂತಲೂ ಅರ್ಥವಿದೆ, ನಾನು ದರ್ಜಿಯ ಮಗಳು, ನನಗೆ ಅದೇ ಮೊದಲು ಹೊಳೆದದ್ದು. ಬರೆದವಳ ತಪ್ಪು, ಓದಿದವನದಲ್ಲ. ಆ ಎರಡು ವರದಿಗಳೂ ತಪ್ಪು. ಹೊರಗೆ ಕೂತವರ ಬೋರ್ಡು ಫೇಲಾಗಿದೆ ಅಂತ ನಾವು ಹೇಳುವಂತಿಲ್ಲ.”

ಇಂಗ್ಲಿಷಿನಲ್ಲಿ ಸೊಂಟ, ಮಧ್ಯ ಎಂದರೆ ಅರ್ಥವಾಗಲಿಕ್ಕಿಲ್ಲ ಎಂದು ಅವರು ಟೇಪನ್ನು ತಮ್ಮ ನಡುವಿಗೇ ಸುತ್ತಿ ತೋರಿಸಿದರು. ಆಡಿಟರ್ ಕುರ್ಚಿಯಿಂದ ಎದ್ದು ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡರು, ಎದುರಿಗಿದ್ದ ಕಡ್ಡಿಯಂಥ ಸಫ್ವಾನನನ್ನು ನೋಡಿದರು.

“ಇವನಿಗಾದರೆ ಮಧ್ಯದಿಂದ ಹಿಡಿದರೂ ಒಂದೇ, ಅಂಚಿನಿಂದ ಹಿಡಿದರೂ ಒಂದೇ” ಎಂದರು ಗಂಭೀರವಾಗಿ. “ನನಗೆ ಹಾಗಲ್ಲ.”

ಜೋಸ್ಫಿನ್‌ಗೆ ನಗು ತಡೆಯಲಾಗಲಿಲ್ಲ. ಆಡಿಟರ್ ಮಾತ್ರ ನಗದೆ ಪುಸ್ತಕದಲ್ಲಿ ಏನೋ ಉದ್ದಕ್ಕೆ ಬರೆದರು. ಅನುಮತಿಯಿಲ್ಲದ ಚೀಟಿ ಕಪಾಟಿನಲ್ಲಿ, ಎರಡು ತಪ್ಪು ವರದಿಗಳು. ಆಮೇಲೆ ಒಂದು ರೂಟರ್ ತರಿಸಿ ಅದರ ಮೇಲೆ ಇಡೀ ಪರೀಕ್ಷೆ ಮಾಡಿಸಿದರು. ಜೋಸ್ಫಿನ್ ಮಾಡಿದರು, ಆದರೆ ಕೈ ಮಾತ್ರ ಮಾಡುತ್ತಿತ್ತು. ಆಸೆ ಅಲ್ಲಿಗೆ ಮುಗಿಯಿತು ಎಂದು ಅವರಿಗೆ ಖಾತ್ರಿಯಾಗಿತ್ತು. ಚೇಂಬರಿನ ಬಾಗಿಲು ದಾಟಿದ ಮೇಲೆ ಪ್ಯಾಂಟ್ರಿಗೆ ಹೋಗಿ ಎರಡು ಲೋಟ ನೀರು ಕುಡಿದರು.

ರಿಸೆಪ್ಶನ್ನಿನಲ್ಲಿ ಸಾಹೇಬರಿಗೆ ವಿಷಯ ತಿಳಿಸಿದರು. ಬೈಗುಳ ಕೇಳಲು ತಯಾರಾಗಿಯೇ ಹೋಗಿದ್ದರು. ಸಾಹೇಬರು ಜಪಮಾಲೆಯನ್ನು ಕಿಸೆಗೆ ಹಾಕಿಕೊಂಡು ಕೇಳಿದ್ದು ಒಂದೇ ಮಾತು.

“ಅಂದ್ರೆ ನಮ್ಮ ಉಬೈದ್ ತಪ್ಪು ಮಾಡ್ಲಿಲ್ಲ?”

“ತಪ್ಪು ನನ್ನದು ಸಾಹೇಬ್ರೇ. ಬೋರ್ಡು ಹೇಗುಂಟು ಅಂತ ಅಬುಧಾಬಿಯಲ್ಲಿ ಅಳೆದ್ರೇ ಗೊತ್ತಾಗೋದು.”

“ಅಲ್ಲಿಗೆ ಯಾಕೆ? ಎಷ್ಟು ಹತ್ತಿರ ಇತ್ತು ಅಂತ ಗೊತ್ತಲ್ಲ, ಅಷ್ಟು ಕಳೆದು ಬರೆದುಬಿಡಿ. ಕ್ಯಾಲ್ಕ್ಯುಲೇಟರ್ ನನ್ನ ಹತ್ರಾನೇ ಉಂಟು.”

“ಕಳೆದ್ರೆ ಪಾಸೇ ಆಗ್ತದೆ, ನಾನೂ ಲೆಕ್ಕ ಹಾಕಿ ನೋಡಿದೆ. ಆದ್ರೆ ಇಷ್ಟು ದೊಡ್ಡ ಸಾಮಾನು ಇಷ್ಟು ಹತ್ತಿರ ಇದ್ದಾಗ ಅಲೆಗಳು ಲೆಕ್ಕದ ಮಾತು ಕೇಳೋದಿಲ್ಲ. ಅಳೆದೇ ಹೇಳಬೇಕು. ನಾನೂ ಬರ್ತೇನೆ.”

ಶುಕ್ರವಾರ ರಜೆ ಹಾಕಿ ಹೋದರು. ವ್ಯಾನಿನಲ್ಲಿ ಮುಂದೆ ಉಬೈದ್, ಹಿಂದೆ ಸಾಹೇಬರು ಮತ್ತು ಜೋಸ್ಫಿನ್, ಇಬ್ಬರ ತಲೆಯ ಮೇಲೆ ಉದ್ದಕ್ಕೆ ಮಲಗಿದ ಫಲಕ. ತಗಡು, ಬಳೆ ಎಲ್ಲ ಬಿಚ್ಚಿಸಿ ಮೊದಲಿದ್ದ ಹಾಗೆ ಮಾಡಿ ತನ್ನಿ ಎಂದು ಅವರೇ ಹೇಳಿದ್ದರು. ಸಾಹೇಬರ ಮನೆಯಿಂದ ಬಂದ ಬಿರಿಯಾನಿ ಡಬ್ಬಿ ದಾರಿಯುದ್ದಕ್ಕೂ ಘಮಘಮಿಸಿತು. ಅಬುಧಾಬಿಯ ಚೇಂಬರ್ ಒಂದು ಸಣ್ಣ ಇಗರ್ಜಿಯಷ್ಟು ದೊಡ್ಡದು. ಅಲ್ಲಿನವರು ಫಲಕದ ತುದಿ ಹಾಕುವ ಸುತ್ತಿನ ಅಂಚಿಗೆ ಟೇಪ್ ಹಿಡಿದು ಹತ್ತು ಮೀಟರ್ ಎಳೆದಾಗ ಜೋಸ್ಫಿನ್ ಪಕ್ಕದಲ್ಲೇ ಬಗ್ಗಿ ನಿಂತು ನೋಡಿದರು. ಬೇರೆಯವರ ಮನೆ ಎಂಬ ಸಂಕೋಚಕ್ಕೆ ಬಾಯಿ ಬಿಡಲಿಲ್ಲ, ಅದೇ ದೊಡ್ಡದು.

ಎರಡು ಗಂಟೆಯ ಹೊತ್ತು ಫಲಕ ತಿರುಗಿತು, ಆಂಟೆನಾ ಮೇಲೆ ಕೆಳಗೆ ಓಡಾಡಿತು. ಮೂವತ್ತರ ಮಿತಿಗೆ ಇಪ್ಪತ್ತೆಂಟೂವರೆ. ಪಾಸ್! ಉಬೈದ್ ಪರದೆಯನ್ನು ನೋಡುತ್ತ ನಿಂತೇ ಇದ್ದ. ಸಾಹೇಬರು ಮಗನ ಬೆನ್ನಿಗೆ ಗುದ್ದಿ, “ಯಲ್ಲಾ, ಇನ್ನು ಊಟ ಮಾಡು” ಎಂದರು. ಜೋಸ್ಫಿನ್‌ಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೇ ಬಂದದ್ದು. ಸಹಿಯ ವಿಷಯ ಆ ಕ್ಷಣಕ್ಕೆ ಮರೆತೇ ಹೋಗಿತ್ತು.

ಹತ್ತು ದಿನದ ಮೇಲೆ ಆಡಿಟರ್ ವರದಿ ಬಂತು. ಮ್ಯಾನೇಜರ್ ಜೋಸ್ಫಿನ್‌ರನ್ನು ಕರೆದು ಕೂರಿಸಿ, ಮೊದಲು ಬೈಯಬೇಕಾದ್ದನ್ನೆಲ್ಲ ಬೈದರು. ಕಪಾಟಿನ ಚೀಟಿ ಕೀಳಬೇಕು, ಎರಡು ವರದಿಗಳನ್ನು ಅಧಿಕೃತವಾಗಿ ಹಿಂದಕ್ಕೆ ತೆಗೆದುಕೊಳ್ಳಬೇಕು, ಹಳೆಯ ಕಡತಗಳಲ್ಲಿ ದೊಡ್ಡ ಸಾಮಾನುಗಳನ್ನೆಲ್ಲ ಇನ್ನೊಮ್ಮೆ ನೋಡಬೇಕು. ಆಮೇಲೆ ಕೊನೇ ಪುಟ ತಿರುವಿ ಓದಿದರು. ಸಾಮಾನನ್ನು ನೋಡಿದ ಕೂಡಲೇ ದೂರ ತಪ್ಪಿದೆ ಎಂದು ಈಕೆಗೆ ತಿಳಿಯಿತು, ಕಾರಣ ತನಗೇ ತಾಗುವಂಥದ್ದಾದರೂ ಹೇಳಿದರು, ಸಹಿಗೆ ಇವರು ಅರ್ಹರು.

ಜೋಸ್ಫಿನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆ ಪುಟವನ್ನು ತಾವೇ ಒಮ್ಮೆ ಓದಿದರು.

ಸಹಿಗಾಗಿ ಒಂದು ಕಾಗದ ಆಗಲೇ ಕಾದಿತ್ತು. ವರದಿಗೆ ಸಹಿ ಹಾಕಿದವರೇ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ಇನ್ನೊಬ್ಬರು ಬೇಕು ಎಂಬುದು ಪರೀಕ್ಷಾಲಯದ ನಿಯಮ. ಸಾಹೇಬರಿಗೆ ಕಳಿಸುವ ಪತ್ರವನ್ನು ಸಫ್ವಾನನೇ ಟೈಪ್ ಮಾಡಿ ತಂದಿಟ್ಟ. ಈ ಎರಡು ವರದಿಗಳು ತಪ್ಪು, ದೂರವನ್ನು ಸರಿಯಾದ ಕಡೆಯಿಂದ ಹಿಡಿದಿಲ್ಲ, ಕಾರಣ ನಮ್ಮ ಒಳಗಿನ ಬರಹದಲ್ಲಿ ಎರಡರ್ಥದ ಒಂದು ಪದ, ವಿಷಾದಿಸುತ್ತೇವೆ. ಜೋಸ್ಫಿನ್ ಪೆನ್ನು ಹಿಡಿದರು. ಇಷ್ಟು ವರ್ಷದ ಅಭ್ಯಾಸವೆಲ್ಲ ಆ ಹೊತ್ತಿಗೆ ಕೈಕೊಟ್ಟು, ಕೊನೆಯ ಅಕ್ಷರದ ಸುತ್ತು ಹಾಕುವುದು ಮರೆತು, ಶಾಲೆಯ ಹುಡುಗಿಯ ಹಾಗೆ ಪೂರ್ತಿ ಹೆಸರು ಬರೆದರು.

ಮನೆಯಲ್ಲಿ ಲಿಯೋ ಕೇಳಿ ಬಿದ್ದು ಬಿದ್ದು ನಕ್ಕರು. “ಇಪ್ಪತ್ತೆರಡು ವರ್ಷ ಕಾದು ಮೊದಲ ಸಹಿ ಹಾಕಿದ್ದು ತಪ್ಪೊಪ್ಪಿಗೆಗಾ? ಅದಕ್ಕೆ ಪಾದ್ರಿಗಳ ಹತ್ರ ಹೋಗಿದ್ರೆ ಸಾಕಿತ್ತಲ್ಲ, ಸಹಿಯೂ ಬೇಕಾಗ್ತಿರಲಿಲ್ಲ” ಎಂದು ಕೊಂಕಣಿಯಲ್ಲಿ ಚುಡಾಯಿಸಿದರು. ಜೋಸ್ಫಿನ್ ಸೌಟು ತೋರಿಸಿದರು. ಆದರೆ ಆ ಮಾತು ಒಳಗೆ ಸ್ವಲ್ಪ ಚುಚ್ಚಿತು. ಮೊದಲ ಸಹಿ ಒಂದು ಒಳ್ಳೆಯ ವರದಿಗೆ ಬೀಳಬೇಕಿತ್ತು ಎಂಬ ಆಸೆ ಯಾರಿಗೆ ಇರುವುದಿಲ್ಲ?

ರಮ್ಜಾನಿನ ಎರಡನೇ ವಾರ ಸಾಹೇಬರು ಗಂಡ ಹೆಂಡತಿ ಇಬ್ಬರನ್ನೂ ಆಫೀಸಿಗೆ ಇಫ್ತಾರ್‌ಗೆ ಕರೆದರು. ಹನ್ನೊಂದು ಮಸೀದಿಗಳಲ್ಲೂ ಫಲಕ ಹತ್ತಿತ್ತು. ಅಲ್ ನಹ್ದಾದಲ್ಲಿ ಇವರ ಮನೆಯ ಹತ್ತಿರದ ಮಸೀದಿಗೂ ಒಂದು ಬಂದಿತ್ತು. ಖರ್ಜೂರ, ಶರಬತ್ತು ಮುಗಿದ ಮೇಲೆ ಜೋಸ್ಫಿನ್ ಕಣ್ಣು ಸಾಹೇಬರ ಕುರ್ಚಿಯ ಹಿಂದಿನ ಗೋಡೆಗೆ ಹೋಯಿತು. ವ್ಯಾಪಾರದ ಲೈಸೆನ್ಸ್ ಪಕ್ಕದಲ್ಲಿ, ಬಂಗಾರದ ಬಣ್ಣದ ಚೌಕಟ್ಟಿನಲ್ಲಿ ಒಂದು ಪತ್ರ.

“ಅಯ್ಯೋ ಸಾಹೇಬ್ರೇ, ಅದನ್ನು ಯಾಕೆ ಹಾಕಿದ್ದೀರಿ? ಅದು ತಪ್ಪಿನ ಪತ್ರ! ಪಾಸಾದ ವರದಿ ಹಾಕಬಾರದಾ?”

“ಪಾಸಾದ ವರದಿಯಲ್ಲಿ ಅಬುಧಾಬಿಯವರ ಸಹಿ ಉಂಟು. ಫೇಲಾದ್ದರಲ್ಲಿ ಆ ಹುಡುಗನ ಸಹಿ ಉಂಟು” ಎಂದರು ಸಾಹೇಬರು. “ನಿಮ್ಮ ಸಹಿ ಇರೋದು ಇದೊಂದರಲ್ಲೇ ಬಾಯೀ. ನನ್ನ ಮಗನದು ತಪ್ಪಲ್ಲ ಅಂತ ಬರೆದುಕೊಟ್ಟದ್ದು ಈ ಕಾಗದ. ಬೇರೆ ಯಾವುದನ್ನು ಹಾಕಲಿ?”

ಜೋಸ್ಫಿನ್ ಕುರ್ಚಿಯಿಂದ ಎದ್ದರು. ಬಾಯಿಗೇ ಬಾಯಿ ಕಟ್ಟಿತು ಎಂದು ಲಿಯೋ ಪಿಸುಗುಟ್ಟಿದ್ದೂ ಅವರಿಗೆ ಕೇಳಿಸಲಿಲ್ಲ. ಅವರು ಬಾಗಿಲಿನ ತನಕ ಹಿಂದೆ ಹಿಂದೆ ಹೋಗಿ ನಿಂತು ಗೋಡೆಯ ಕಡೆ ನೋಡಿದರು. ಜೋಸ್ಫಿನ್ ಕಸ್ತೆಲಿನೊ. ಅಲ್ಲಿಂದಲೂ ಓದಲು ಬರುತ್ತಿತ್ತು.

“ಎಷ್ಟು ದೂರ?” ಎಂದು ಕೇಳಿದರು ಲಿಯೋ.

“ಮೂರು ಮೀಟರ್” ಎಂದರು ಅವರು. “ಅಂಚಿನಿಂದ.”